ಹೆಬ್ಬಾಳದ ಹೊಲಗಳೂ ಅಹಮದಾಬಾದಿನ ಕಾಯಿದೆಯೂ

ಬೆಂಗಳೂರಿನ ಬಡಗಣ ಹಳ್ಳಿಗಳ ರೈತನ ಸರ್ವೆ ನಂಬರು ಗೆಜೆಟ್ಟಿನಲ್ಲಿ ಒಮ್ಮೆ ಅಚ್ಚಾಯಿತೆಂದರೆ ಮುಂದಿನ ಕಥೆಯನ್ನು ಅವನಿಗೆ ಯಾರೂ ಹೇಳಬೇಕಾಗಿಲ್ಲ. ಅವನು ಮಾರಲಾರ, ಕಟ್ಟಲಾರ, ಸಾಲವೆತ್ತಲಾರ. ನ್ಯಾಯಾಲಯದ ತಾರೀಕುಗಳೇ ಅವನ ಪಂಚಾಂಗ. ಅರ್ಕಾವತಿ ಬಡಾವಣೆಗಾಗಿ ಹೆಬ್ಬಾಳ, ಜಕ್ಕೂರು, ಥಣಿಸಂದ್ರ, ರಾಚೇನಹಳ್ಳಿ ಮೊದಲಾದ 16 ಗ್ರಾಮಗಳ 3,339 ಎಕರೆ 12 ಗುಂಟೆ ನೆಲದ ಪ್ರಾಥಮಿಕ ಪ್ರಕಟಣೆ 2003ರ ಫೆಬ್ರವರಿಯಲ್ಲಿ ಹೊರಟಿತು. ಮರುವರ್ಷ ಅದು 2,750 ಎಕರೆಗೆ ಇಳಿಯಿತು. ಯಾರ ಹೊಲ ಉಳಿಯಿತು, ಯಾರದು ಹೋಯಿತು, ಏಕೆ ಎಂಬ ತಕರಾರು 2010ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಾದ ಮೇಲೂ ಅಡಗಲಿಲ್ಲ. 2014ರಲ್ಲಿ ನ್ಯಾಯಮೂರ್ತಿ ಕೆಂಪಣ್ಣನವರ ವಿಚಾರಣಾ ಆಯೋಗವನ್ನೇ ನೇಮಿಸಬೇಕಾಯಿತು.

ಯಲಹಂಕದ ಕಡೆಯ ಶಿವರಾಮ ಕಾರಂತ ಬಡಾವಣೆಯ ವೃತ್ತಾಂತವೂ ಇದೇ. 2008ರ ಡಿಸೆಂಬರಿನಲ್ಲಿ 17 ಗ್ರಾಮಗಳ 3,546 ಎಕರೆ 12 ಗುಂಟೆಗೆ ಪ್ರಕಟಣೆ. ಕೆಲಸ ಮುಂದುವರಿಯಲೆಂಬ ಸರ್ವೋಚ್ಚ ನ್ಯಾಯಾಲಯದ ಅಪ್ಪಣೆ 2018ರ ಆಗಸ್ಟಿನಲ್ಲಿ. ನಡುವಣ ಹತ್ತು ವರ್ಷಗಳಲ್ಲಿ ಆ ನೆಲದ ಮೇಲೆ ಮನೆಗಳೆದ್ದವು.

ಭಾರತದ ಎಲ್ಲ ಪ್ರಾಂತಗಳಲ್ಲೂ ನಗರ ಹೀಗೆಯೇ ಬೆಳೆಯಬೇಕೇ? ಬೇಕಾಗಿಲ್ಲವೆಂಬುದಕ್ಕೆ ಗುಜರಾತು ಸಾಕ್ಷಿ. ಮುಂಬಯಿ ಪ್ರಾಂತದ 1915ರ ನಗರಯೋಜನಾ ಕಾಯಿದೆ ಅಲ್ಲಿ 1976ರ ಕಾಯಿದೆಯಾಗಿ ಮುಂದುವರಿಯಿತು. ಸರ್ಕಾರ ನೆಲವನ್ನು ಕೊಳ್ಳುವುದಿಲ್ಲ. ಒಂದು ಪ್ರದೇಶದ ಹಿಡುವಳಿಗಳನ್ನೆಲ್ಲ ಒಟ್ಟುಗೂಡಿಸಿ, ರಸ್ತೆ, ತೋಟ, ಶಾಲೆಗಳಿಗೆ ಬೇಕಾದಷ್ಟನ್ನೂ ವೆಚ್ಚಕ್ಕಾಗಿ ಮಾರುವ ಒಂದು ಪಾಲನ್ನೂ ತೆಗೆದುಕೊಂಡು, ಉಳಿದುದನ್ನು ಚೊಕ್ಕ ನಿವೇಶನವಾಗಿ ಮೂಲ ಒಡೆಯನಿಗೇ ಹಿಂದಿರುಗಿಸುತ್ತದೆ. ಕಳೆಯುವ ಪಾಲು ಸುಮಾರು ಶೇಕಡಾ 40. ನೆಲ ಕಿರಿದಾದರೂ ಬೆಲೆ ಏರುತ್ತದೆ, ಏರಿಕೆ ಒಡೆಯನಿಗೇ ಸಲ್ಲುತ್ತದೆ. ಅಹಮದಾಬಾದಿನ ಸುಮಾರು 76 ಕಿಲೋಮೀಟರ್ ವರ್ತುಲ ರಸ್ತೆಗೆ ಬಹುಮಟ್ಟಿಗೆ ನೆಲ ದೊರೆತುದು ಹೀಗೆ. ನಮ್ಮಲ್ಲಿ ತುಮಕೂರು ರಸ್ತೆಯಿಂದ ಬಳ್ಳಾರಿ ರಸ್ತೆಯನ್ನು ದಾಟಿ ಹೊಸೂರು ರಸ್ತೆಗೆ ಸೇರಬೇಕಾದ ಹೊರವರ್ತುಲ ರಸ್ತೆಗೆ 2007ರಲ್ಲೇ ಅಂತಿಮ ಪ್ರಕಟಣೆಯಾಯಿತು. ವರ್ಷಗಳು ಕಳೆದರೂ ಪರಿಹಾರದ ಜಗಳವೇ ತೀರಲಿಲ್ಲ.

ನಮ್ಮನ್ನು ಹೆಚ್ಚು ವ್ಯಥೆಪಡಿಸುವ ಸಂಗತಿ ಇನ್ನೊಂದು. 1915ರ ಆ ಕಾಯಿದೆ ಧಾರವಾಡ, ಬೆಳಗಾವಿ ಕಡೆಯ ಕನ್ನಡಿಗರಿಗೆ ಪರಕೀಯವಾದುದಲ್ಲ. ಅವರೂ ಮುಂಬಯಿ ಪ್ರಾಂತದಲ್ಲಿದ್ದವರು. ಏಕೀಕರಣಾನಂತರದ ನಮ್ಮ 1961ರ ಕಾಯಿದೆಯಲ್ಲೂ ನಗರಯೋಜನಾ ಸ್ಕೀಮುಗಳ ಅಧ್ಯಾಯವೊಂದಿದೆ. ಆದರೆ ಬೆಂಗಳೂರನ್ನು ಬೆಳೆಸಿದುದು ಆ ಅಧ್ಯಾಯವಲ್ಲ, 1945ರ ಸುಧಾರಣಾ ಮಂಡಲಿಯ ಕಾಯಿದೆಯೂ 1976ರ ಪ್ರಾಧಿಕಾರದ ಕಾಯಿದೆಯೂ ಕೊಟ್ಟ ಸ್ವಾಧೀನದ ಅಧಿಕಾರ. ಮನೆಯಲ್ಲಿಯೇ ಕೀಲಿಕೈಯಿದ್ದು ಬಾಗಿಲೊಡೆಯುವವರನ್ನು ಏನೆನ್ನೋಣ?

ಗುಜರಾತಿನ ಕ್ರಮ ನಿರ್ದೋಷವೆಂದು ನಾವು ಹೇಳುತ್ತಿಲ್ಲ. ಅಲ್ಲಿಯೂ ಸ್ಕೀಮುಗಳು ವರ್ಷಗಟ್ಟಲೆ ಎಳೆದಿವೆ. ಪತ್ರವಿಲ್ಲದೆ ಉಳುವವನಿಗೂ ಕೂಲಿಯವನಿಗೂ ನಿವೇಶನ ಬರುವುದಿಲ್ಲ. ಅರ್ಧ ಎಕರೆಯವನಿಗೆ ಶೇಕಡಾ 40ರ ಕಡಿತ ಹಗುರವಲ್ಲ. ಮಹಾರಾಷ್ಟ್ರವು 1966ರ ಕಾಯಿದೆಯಲ್ಲಿ ಇದೇ ಸಾಧನವನ್ನು ಉಳಿಸಿಕೊಂಡೂ ಬಹುಕಾಲ ವಿರಳವಾಗಿಯೇ ಬಳಸಿತು. ನಮ್ಮ ಪ್ರಾಧಿಕಾರದವರೂ ಕಾರಂತ ಬಡಾವಣೆಯಲ್ಲಿ ಅಭಿವೃದ್ಧಿಪಡಿಸಿದ ನೆಲದ ಶೇಕಡಾ 40ನ್ನು ರೈತನಿಗೆ ಕೊಡುವ ಏರ್ಪಾಡಿಗೆ ಬಂದುದು ಸಂತೋಷ. ಆದರೆ ಅದು ಮೊದಲು ಕಸಿದು ಆಮೇಲೆ ಪಾಲು ಕೊಡುವ ಮಾರ್ಗ. ನಕ್ಷೆ ಬರೆಯುವಾಗಲೇ ರೈತನನ್ನು ಕರೆದು ಕೂರಿಸಿಕೊಳ್ಳುವ ಮಾರ್ಗ ಬೇರೆ. ಅದನ್ನು ಯಲಹಂಕದ ಆಚೆ ಇನ್ನೂ ಗೆಜೆಟ್ಟಿಗೆ ಸಿಕ್ಕದ ಒಂದೆರಡು ಗ್ರಾಮಗಳಲ್ಲಾದರೂ, ಉಳುವವರ ಹೆಸರನ್ನೂ ಪಟ್ಟಿಯಲ್ಲಿ ಸೇರಿಸಿ, ಸರ್ಕಾರದವರು ಆರಂಭಿಸಲಿ.