ಹೆಚ್ಚು ಓಡಿದ ಆಟೋಮ್ಯಾಟಿಕ್ ಕಾರು ಮತ್ತು ಅದರ ಗೇರ್‌ಬಾಕ್ಸ್ ಆಯಿಲ್

ಬೆಳೆಗಾರರ ಮನೆಯಂಗಳದಲ್ಲಿ ಜೀಪಿನ ಪಕ್ಕಕ್ಕೆ ಈಗ ಆಟೋಮ್ಯಾಟಿಕ್ ಕಾರುಗಳೂ ಬಂದು ನಿಂತಿವೆ. ಇವುಗಳಲ್ಲಿ ಹಲವು ಹೊಸದಾಗಿ ಕೊಂಡವಲ್ಲ. ಬೆಂಗಳೂರಿನಲ್ಲಿರುವ ಮಕ್ಕಳು ಕೆಲವು ವರ್ಷ ಓಡಿಸಿ ಊರಿಗೆ ಬಿಟ್ಟವು, ಇಲ್ಲವೇ ಲಕ್ಷ ಕಿಲೋಮೀಟರ್ ದಾಟಿದ ಮೇಲೆ ಅಗ್ಗದ ಬೆಲೆಗೆ ಸಿಕ್ಕಿದವು. ಎಂಜಿನ್ ಆಯಿಲನ್ನು ಎಲ್ಲರೂ ತಪ್ಪದೆ ಬದಲಾಯಿಸುತ್ತಾರೆ. ಗೇರ್‌ಬಾಕ್ಸಿನ ಆಯಿಲ್ ಯಾವಾಗ ಬದಲಾಯಿಸಿದ್ದೆಂದು ಕೇಳಿದರೆ ಉತ್ತರವಿರುವುದಿಲ್ಲ. ಇಂಥ ಗೇರ್‌ಬಾಕ್ಸ್ ಒಮ್ಮೆ ಕೆಟ್ಟರೆ ದುರಸ್ತಿಯ ಖರ್ಚು ಹಳೆಯ ಕಾರಿನ ಬೆಲೆಯ ದೊಡ್ಡ ಪಾಲನ್ನೇ ನುಂಗಬಹುದು. ಅದು ಕೆಡುವುದು ರಾತ್ರಿ ರೋಗಿಯನ್ನು ಕೂರಿಸಿಕೊಂಡು ಚಾರ್ಮಾಡಿ ಇಳಿಯುವಾಗಲೂ ಇರಬಹುದು.

ಮಾಮೂಲಿ ಗೇರ್‌ಬಾಕ್ಸಿನಲ್ಲಿ ಆಯಿಲಿನ ಮುಖ್ಯ ಕೆಲಸ ಹಲ್ಲುಗಳು ಸವೆಯದಂತೆ ನೋಡಿಕೊಳ್ಳುವುದು. ಆಟೋಮ್ಯಾಟಿಕ್‌ನಲ್ಲಿ ಹಾಗಲ್ಲ. ಎಂಜಿನ್ನಿನ ಬಲವನ್ನು ಟಾರ್ಕ್ ಕನ್ವರ್ಟರ್ ಮೂಲಕ ದಾಟಿಸುವುದು, ಒತ್ತಡದಿಂದ ಕ್ಲಚ್ ಬಿಲ್ಲೆಗಳನ್ನು ಹಿಡಿಸುವುದು, ಬಿಸಿಯನ್ನು ಹೊರಗೊಯ್ಯುವುದು ಎಲ್ಲವೂ ಆ ಆಯಿಲಿನದೇ ಕೆಲಸ. ಬಿಲ್ಲೆಗಳು ಜಾರಲೂಬಾರದು, ಧಕ್ಕೆಂದು ಹಿಡಿಯಲೂಬಾರದು. ಈ ಹದಕ್ಕಾಗಿ ಅಮೆರಿಕದಲ್ಲಿ ಒಂದು ಕಾಲಕ್ಕೆ ತಿಮಿಂಗಿಲದ ಎಣ್ಣೆಯನ್ನೇ ಬೆರೆಸುತ್ತಿದ್ದರು. 1970ರ ದಶಕದಲ್ಲಿ ಅದು ನಿಂತು ರಾಸಾಯನಿಕಗಳು ಬಂದವು. ಹದ ಕೆಡಿಸುವ ಮುಖ್ಯ ಶತ್ರು ಶಾಖ. ಘಾಟಿ ಏರುವಾಗ, ಗೊಬ್ಬರದ ಮೂಟೆ ಹೇರಿ ತೋಟದ ಏರು ಹತ್ತುವಾಗ ಆಯಿಲ್ ಬಹಳ ಬಿಸಿಯಾಗುತ್ತದೆ. ‘ಜೀವಮಾನವಿಡೀ ಬದಲಾಯಿಸಬೇಕಿಲ್ಲ’ ಎಂಬ ಮಾತನ್ನು ನಮ್ಮ ರಸ್ತೆಗಳಿಗೆ ಅನ್ವಯಿಸುವುದು ಸರಿಯಲ್ಲ. ಕಾರಿನ ಕೈಪಿಡಿಯಲ್ಲಿ ಕಠಿಣ ಬಳಕೆಗೆ ಬೇರೆ ಅವಧಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಗುಡ್ಡದ ರಸ್ತೆ ಸಾಮಾನ್ಯವಾಗಿ ಆ ಪಟ್ಟಿಯಲ್ಲೇ ಇರುತ್ತದೆ.

ಆಯಿಲ್ ಕೊಳ್ಳುವ ಮೊದಲು ನಿಮ್ಮ ಗೇರ್‌ಬಾಕ್ಸಿನ ಜಾತಿ ತಿಳಿಯಬೇಕು. ಕ್ಲಚ್ ಪೆಡಲ್ ಇಲ್ಲದ ಕಾರೆಲ್ಲ ಒಂದೇ ಅಲ್ಲ. 2014ರಲ್ಲಿ ಮಾರುತಿ ಸೆಲೆರಿಯೊದಲ್ಲಿ ಬಂದ ಎ.ಎಂ.ಟಿ. ವಾಸ್ತವವಾಗಿ ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೆ. ಅದಕ್ಕೆ ಬೇಕಾದದ್ದು ಗೇರ್ ಆಯಿಲ್. ಸಿ.ವಿ.ಟಿ.ಗೆ ಅದರದೇ ಆಯಿಲ್ ಬೇಕು. ಟಾರ್ಕ್ ಕನ್ವರ್ಟರ್ ಇರುವ ಹಳೆಯ ಕ್ರಮದ ಆಟೋಮ್ಯಾಟಿಕ್‌ಗೆ ಎ.ಟಿ.ಎಫ್. ಹಾಕಬೇಕು. ಕಾರಿನ ಹೆಸರು ನೋಡಿ ತೀರ್ಮಾನಿಸುವಂತಿಲ್ಲ. ಹೋಂಡಾ ಸಿಟಿಯನ್ನೇ ನೋಡಿ: ನಮ್ಮಲ್ಲಿ ಒಂದು ಕಾಲಕ್ಕೆ ಸಿ.ವಿ.ಟಿ. ಇತ್ತು, 2008ರ ಮಾದರಿಯಲ್ಲಿ ಐದು ಗೇರಿನ ಆಟೋಮ್ಯಾಟಿಕ್ ಬಂತು, 2014ರಿಂದ ಮತ್ತೆ ಸಿ.ವಿ.ಟಿ. ಕೆಂಪು ಬಣ್ಣದ ಆಯಿಲೆಲ್ಲ ಒಂದೇ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೈಪಿಡಿ ಹೆಸರಿಸಿದ ದರ್ಜೆಯದ್ದನ್ನೇ ಕೇಳಿ ತನ್ನಿ.

ಬೋರ್ಡೋ ದ್ರಾವಣಕ್ಕೆ ಬ್ಲೇಡ್ ಅದ್ದಿ ತಾಮ್ರ ಹತ್ತುತ್ತದೆಯೇ ಎಂದು ನೋಡುತ್ತೇವಲ್ಲ, ಹಾಗೆಯೇ ಇದಕ್ಕೂ ಸುಲಭ ಪರೀಕ್ಷೆಯಿದೆ. ಒಂದೆರಡು ಹನಿಯನ್ನು ಬಿಳಿ ಕಾಗದದ ಮೇಲೆ ಬಿಡಿ. ತಿಳಿಗೆಂಪಾಗಿದ್ದರೆ ಆಯಿಲ್ ಚೆನ್ನಾಗಿದೆ. ಕಂದಾಗಿದ್ದರೆ ಬದಲಾಯಿಸುವ ಕಾಲ ಬಂದಿದೆ. ಕಪ್ಪಾಗಿ, ಸೀದ ವಾಸನೆ ಬಂದು, ಬೆರಳಿಗೆ ಕಪ್ಪು ಪುಡಿ ಹತ್ತಿದರೆ ಕ್ಲಚ್ ಬಿಲ್ಲೆಗಳೇ ಸವೆಯುತ್ತಿವೆ. ಹಾಲು ಬೆರೆಸಿದಂತೆ ಗುಲಾಬಿಯಾಗಿದ್ದರೆ ನೀರು ಸೇರಿದೆ. ತುಂಬಿದ ಹಳ್ಳ ದಾಟಿದಾಗ ನೀರು ನುಗ್ಗಿರಬಹುದು, ಇಲ್ಲವೇ ರೇಡಿಯೇಟರ್ ಒಳಗಿರುವ ಆಯಿಲ್ ಕೂಲರ್ ತೂತಾಗಿರಬಹುದು. ಅಂಥ ಕಾರನ್ನು ಮುಂದೆ ಓಡಿಸಬೇಡಿ. ಬಿಲ್ಲೆಗೆ ಅಂಟಿಸಿದ ಪದರ ನೀರಿನಲ್ಲಿ ಬಿಟ್ಟುಕೊಳ್ಳುತ್ತದೆ.

ಬದಲಾವಣೆಯಲ್ಲಿ ಒಂದು ಲೆಕ್ಕ ನೆನಪಿಡಬೇಕು. ತಳದ ನಟ್ ಬಿಚ್ಚಿದರೆ ಪೂರ್ತಿ ಆಯಿಲ್ ಇಳಿಯುವುದಿಲ್ಲ. ಕನ್ವರ್ಟರಿನಲ್ಲೂ ಕೂಲರಿನಲ್ಲೂ ಉಳಿದೇ ಇರುತ್ತದೆ. ಒಟ್ಟು 9 ಲೀಟರಿನಲ್ಲಿ 3 ಲೀಟರ್ ಇಳಿಯಿತೆನ್ನಿ. ಅಷ್ಟೇ ಹೊಸದು ತುಂಬಿದರೆ ಹಳೆಯದು 6 ಲೀಟರ್ ಉಳಿಯಿತು. ಕೆಲವು ದಿನ ಓಡಿಸಿ ಮತ್ತೆ ಹಾಗೆಯೇ ಮಾಡಿದರೆ 4 ಲೀಟರ್, ಮೂರನೆಯ ಸಲಕ್ಕೆ ಸುಮಾರು 2.7 ಲೀಟರ್. ಹೆಚ್ಚು ಓಡಿದ ಕಾರಿಗೆ ಹೀಗೆ ಕಂತಿನಲ್ಲಿ ಬದಲಾಯಿಸುವುದೇ ಮೇಲು. ಯಂತ್ರವಿಟ್ಟು ಒತ್ತಡದಿಂದ ತೊಳೆಸುವುದನ್ನು ಹಳೆಯ ಗೇರ್‌ಬಾಕ್ಸಿಗೆ ನಾನು ಹೇಳಲಾರೆ.

‘ಆಯಿಲ್ ಬದಲಾಯಿಸಿದ ಮೇಲೆಯೇ ಗೇರ್‌ಬಾಕ್ಸ್ ಹೋಯಿತು’ ಎಂಬ ದೂರು ಆಗಾಗ ಕೇಳಿಬರುತ್ತದೆ. ಸಾಮಾನ್ಯವಾಗಿ ಅಂಥ ಕಾರು ಆಗಲೇ ಜಾರತೊಡಗಿರುತ್ತದೆ, ಕೊನೆಯ ಉಪಾಯವೆಂದು ಆಯಿಲ್ ಹಾಕಿಸಿರುತ್ತಾರೆ. ಬೇರು ಕೊಳೆತ ಅಡಿಕೆ ಮರಕ್ಕೆ ಗೊಬ್ಬರ ಹಾಕಿದ ಹಾಗೆ. ಎಂಜಿನ್ ಕೂಗಿದರೂ ಕಾರು ಮುಂದೆ ಹೋಗದಿದ್ದರೆ, ಡಿ.ಗೆ ಹಾಕಿದ ಮೇಲೆ ತಡವಾಗಿ ಎಳೆದರೆ, ಮೊದಲು ತಿಳಿದವರಿಗೆ ತೋರಿಸಿ, ಆಮೇಲೆ ಆಯಿಲಿಗೆ ಹಣ ಹಾಕಿ. ಚೆನ್ನಾಗಿ ಓಡುತ್ತಿರುವ ಕಾರಿಗೆ ಈ ಭಯ ಬೇಡ.

ಕೆಲಸ ಸಮತಟ್ಟಾದ ಜಾಗದಲ್ಲಿ ಆಗಬೇಕು; ಕಾಫಿ ಕಣ ಒಳ್ಳೆಯದೇ, ಆದರೆ ಆಯಿಲ್ ಚೆಲ್ಲದಂತೆ ಎಚ್ಚರ. ಬರಿಯ ಜ್ಯಾಕ್ ನಂಬಿ ಅಡಿಗೆ ನುಗ್ಗಬೇಡಿ, ಗಟ್ಟಿ ಸ್ಟ್ಯಾಂಡ್ ಕೊಡಿ. ಇಳಿಸುವ ನಟ್ ಬಿಚ್ಚುವ ಮೊದಲು ತುಂಬುವ ನಟ್ ಬಿಚ್ಚಿ ನೋಡಿ. ಅದು ತುಕ್ಕು ಹಿಡಿದು ಬಾರದಿದ್ದರೆ, ಆಯಿಲ್ ಇಳಿಸಿದ ಕಾರು ನಿಂತಲ್ಲೇ ನಿಲ್ಲಬೇಕಾಗುತ್ತದೆ. ಇಳಿದಷ್ಟನ್ನು ಅಳೆದು ಅಷ್ಟೇ ತುಂಬಿ. ಕೊನೆಯ ಮಟ್ಟ ನೋಡುವ ಕ್ರಮ ಕಾರಿಗೊಂದು ತೆರ. ಕೆಲವಕ್ಕೆ ಎಂಜಿನ್ ಓಡುತ್ತಿರುವಾಗ ನೋಡಬೇಕು, ಹೋಂಡಾದ ಹಲವು ಮಾದರಿಗಳಿಗೆ ನಿಲ್ಲಿಸಿದ ಒಂದು ನಿಮಿಷದ ಆಸುಪಾಸಿನಲ್ಲಿ. ಡಿಪ್‌ಸ್ಟಿಕ್ಕೇ ಇಲ್ಲದವಕ್ಕೆ ನಿಗದಿತ ಬಿಸಿಯಲ್ಲಿ ತಳದಿಂದ ನೋಡಬೇಕು, ಅದು ಗ್ಯಾರೇಜಿನ ಕೆಲಸ. ಹೆಚ್ಚು ತುಂಬಿದರೆ ನೊರೆಯೆದ್ದು ಒತ್ತಡ ಬೀಳುತ್ತದೆ, ಕಡಿಮೆಯಾದರೆ ಪಂಪು ಗಾಳಿ ಎಳೆಯುತ್ತದೆ.

ಇದೇ ಸಂದರ್ಭದಲ್ಲಿ ರೇಡಿಯೇಟರಿನ ಕೂಲೆಂಟ್, ಹೋಸುಗಳು, ಬ್ರೇಕ್ ಆಯಿಲ್ ನೋಡಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವಂಥದ್ದು, ನಮ್ಮ ಮಳೆಗೆ ಬೇಗ ಕೆಡುತ್ತದೆ. ಘಾಟಿ ಇಳಿಯುವಾಗ ಎಲ್ ಅಥವಾ 2ಕ್ಕೆ ಹಾಕಿ ಎಂಜಿನ್ನಿನ ಹಿಡಿತದಲ್ಲಿ ಇಳಿಯಿರಿ. ನ್ಯೂಟ್ರಲ್ ಬೇಡ.

ಕಾರು ದಾರಿಯಲ್ಲಿ ನಿಂತರೆ ಹಗ್ಗ ಕಟ್ಟಿ ಜೀಪಿನಿಂದ ಎಳೆಸುವುದು ನಮ್ಮ ರೂಢಿ. ಆಟೋಮ್ಯಾಟಿಕ್‌ಗೆ ಅದು ಸಲ್ಲದು. ಎಂಜಿನ್ ನಿಂತರೆ ಗೇರ್‌ಬಾಕ್ಸಿನ ಪಂಪೂ ನಿಲ್ಲುತ್ತದೆ, ತಿರುಗುವ ಭಾಗಗಳಿಗೆ ಆಯಿಲ್ ಹೋಗುವುದಿಲ್ಲ. ಎಂಜಿನ್ ಬಲ ಹೋಗುವ ಚಕ್ರಗಳನ್ನು ನೆಲದಿಂದ ಎತ್ತಿ, ಇಲ್ಲವೇ ಲಾರಿಯ ಮೇಲೆ ಹೇರಿ ಸಾಗಿಸಬೇಕು.

ಇಳಿಸಿದ ಹಳೆಯ ಆಯಿಲನ್ನು ಬೇಲಿ ಗೂಟಕ್ಕೆ ಬಳಿಯುವುದೂ ಚರಂಡಿಗೆ ಚೆಲ್ಲುವುದೂ ಬೇಡ. ಅದು ಕೊನೆಗೆ ಸೇರುವುದು ನಾವು ನೀರೆತ್ತುವ ಹಳ್ಳಕ್ಕೇ. ಡಬ್ಬಿಗೆ ತುಂಬಿ, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಬದಲಾಯಿಸಿದ ತಾರೀಖು, ಕಿಲೋಮೀಟರ್, ಆಯಿಲಿನ ದರ್ಜೆ ಬರೆದು ಬಾನೆಟ್ಟಿನ ಒಳಬದಿಗೆ ಅಂಟಿಸಿಡಿ.