ಐವತ್ತು ಸಾವಿರದೊಳಗಿನ ಪೆಟ್ಟಿಗೆ

ಮೊದಲ ಗೇಮಿಂಗ್ ಕಂಪ್ಯೂಟರ್ ಜೋಡಿಸಲು ಹೊರಟ ದೌಂಡ ಜಂಕ್ಷನ್ನಿನ ಹುಡುಗನ ಖರ್ಚಿನ ಚೀಟಿಯಲ್ಲಿ, ಬೆಂಗಳೂರಿನ ಹುಡುಗನ ಚೀಟಿಯಲ್ಲಿ ಇಲ್ಲದ ಒಂದು ಸಾಲು ಇರುತ್ತದೆ: ರೈಲು ಟಿಕೆಟ್. ದುಡ್ಡಿನ ಲೆಕ್ಕದಲ್ಲಿ ಅದು ದೊಡ್ಡದೇನಲ್ಲ. ಸಾಮಾನು ಸಿಗುವ ಪುಣೆ ಸುಮಾರು 75 ಕಿಲೋಮೀಟರ್, ದಿನವಿಡೀ ಗಾಡಿಗಳಿವೆ. ಆದರೆ ತಂದ ಸಾಮಾನು ಕೈಕೊಟ್ಟರೆ ಮತ್ತೆ ಅದೇ ಗಾಡಿ ಹತ್ತಬೇಕು, ಕಾಲೇಜು ತಪ್ಪಿಸಬೇಕು, ಸರ್ವಿಸ್ ಸೆಂಟರಿನಲ್ಲಿ ಟೋಕನ್ ಹಿಡಿದು ಕೂರಬೇಕು. ಈ ಒಂದು ಸಾಲು ಚೀಟಿಯ ಉಳಿದ ಸಾಲುಗಳನ್ನೆಲ್ಲ ತಿದ್ದುತ್ತದೆ. ಯೂಟ್ಯೂಬಿನಲ್ಲಿ ಸಿಗುವ 'ಬೆಸ್ಟ್ ಬಜೆಟ್ ಪಿಸಿ' ಪಟ್ಟಿಗಳಲ್ಲಿ ಹೆಚ್ಚಿನವು ದೊಡ್ಡ ಊರಿನಲ್ಲಿ ಕೂತು ಮಾಡಿದವು. ಜಂಕ್ಷನ್ ಊರಿನವರು ಅವನ್ನು ಹಾಗೆಯೇ ನಕಲು ಮಾಡಿದರೆ ಎಡವುತ್ತಾರೆ.

ಭೀಮಾ ನದಿಯ ದಂಡೆಯ ದೌಂಡ ಮೊದಲಿನಿಂದಲೂ ರೈಲಿನ ಊರು. ಮನಮಾಡದ ಕಡೆಗೆ ಇಲ್ಲಿಂದ ಹಳಿ ಬಿದ್ದದ್ದು 1878ರಲ್ಲಿ. ಬೆಂಗಳೂರು-ಮುಂಬಯಿ ಉದ್ಯಾನ್ ಎಕ್ಸ್‌ಪ್ರೆಸ್ ಕಲಬುರಗಿ, ಸೊಲ್ಲಾಪುರ ದಾಟಿ ದೌಂಡದ ಮೇಲೆಯೇ ಪುಣೆಗೆ ಹೋಗುತ್ತದೆ. ಹೀಗಾಗಿ ಆ ಕಡೆಯ ಕನ್ನಡದ ಮನೆಗಳಿಗೆ ದೌಂಡ ಪರಸ್ಥಳ ಎನಿಸುವುದಿಲ್ಲ. ಇಂಥ ಮನೆಯ ಹುಡುಗರು ಗೇಮಿಂಗ್ ಕಲಿತದ್ದು ಮೊಬೈಲಿನಲ್ಲಿ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾಯಿತು, ಮರುವರ್ಷ ಬಿಜಿಎಂಐ ಎಂಬ ಹೆಸರಿನಲ್ಲಿ ತಿರುಗಿ ಬಂತು. 2024ರಲ್ಲಿ ಪುಣೆಯದೇ ಕಂಪನಿ ಸೂಪರ್‌ಗೇಮಿಂಗ್ 'ಇಂಡಸ್' ಬಿಟ್ಟಿತು, ಅದೂ ಮೊಬೈಲಿಗೇ. ಆದರೆ ವ್ಯಾಲರಂಟ್, ಕೌಂಟರ್-ಸ್ಟ್ರೈಕ್ 2, ಜಿಟಿಎ 5 ಆಡಬೇಕೆಂಬ ಆಸೆ ಹತ್ತಿದ ದಿನ ಮನೆಯಲ್ಲಿ ಕಂಪ್ಯೂಟರಿನ ಮಾತು ಶುರು. "ಇಷ್ಟ್ ರೊಕ್ಕಾ ಬರೀ ಆಟಕ್ಕೇನೋ?" ಎಂದು ಅಪ್ಪ ಕೇಳುತ್ತಾರೆ. "ಕಾಲೇಜಿನ ಪ್ರಾಜೆಕ್ಟಿಗೂ ಬೇಕಾಗ್ತದಪಾ" ಎಂದು ಮಗ ಹೇಳುತ್ತಾನೆ. ಇದು ಪೂರಾ ಸುಳ್ಳೂ ಅಲ್ಲ.

ಬೇರೆ ಬೇರೆ ಕಂಪನಿಗಳ ಬಿಡಿ ಭಾಗ ತಂದು ಒಂದು ಯಂತ್ರ ಮಾಡಬಹುದು ಎಂಬುದೇ ಈ ಕಸುಬಿನ ಬುನಾದಿ. 1981ರಲ್ಲಿ ಐಬಿಎಂ ತನ್ನ ಮೊದಲ ಪಿಸಿಯನ್ನು ಪೇಟೆಯಲ್ಲಿ ಸಿಗುವ ಭಾಗಗಳಿಂದಲೇ ಮಾಡಿದ್ದರಿಂದ ಉಳಿದವರಿಗೂ ಅದೇ ದಾರಿ ತೆರೆಯಿತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆಯನ್ನು ಗೊತ್ತುಮಾಡಿತು. ತೈವಾನಿನ ಮದರ್‌ಬೋರ್ಡು ಯಾವುದೋ ಊರಿನ ಕ್ಯಾಬಿನೆಟ್ಟಿನಲ್ಲಿ ತೂತಿಗೆ ತೂತು ಸರಿಯಾಗಿ ಕೂರುವುದು ಆ ಅಳತೆಯಿಂದ. ಪುಣೆಗಂತೂ ಈ ವಿದ್ಯೆಯಲ್ಲಿ ದೊಡ್ಡ ಹೆಸರೇ ಇದೆ. ಅಮೆರಿಕ ಕ್ರೇ ಸೂಪರ್ ಕಂಪ್ಯೂಟರ್ ಕೊಡಲು ತಕರಾರು ತೆಗೆದ ಕಾಲದಲ್ಲಿ, 1988ರಲ್ಲಿ, ಪುಣೆಯಲ್ಲಿ ಸಿ-ಡ್ಯಾಕ್ ಹುಟ್ಟಿತು. ವಿಜಯ್ ಭಟ್ಕರ್ ಅವರ ಮುಂದಾಳತ್ವದಲ್ಲಿ 1991ಕ್ಕೆ ಪರಮ್ 8000 ಸಿದ್ಧವಾಯಿತು. ಅದರ ಹೊಟ್ಟೆಯಲ್ಲಿದ್ದದ್ದು ಬ್ರಿಟನ್ನಿನ ಇನ್ಮಾಸ್ ಕಂಪನಿಯ, ದುಡ್ಡು ಕೊಟ್ಟರೆ ಯಾರಿಗೂ ಸಿಗುತ್ತಿದ್ದ ಟ್ರಾನ್ಸ್‌ಪ್ಯೂಟರ್ ಚಿಪ್ಪುಗಳು. ಅವನ್ನು ಹೇಗೆ ಜೋಡಿಸಿದರು ಎಂಬುದರಲ್ಲಿತ್ತು ಜಾಣ್ಮೆ. ಈ ಪ್ರಾಂತದ ಅತಿ ಪ್ರಸಿದ್ಧ ಅಸೆಂಬಲ್ಡ್ ಕಂಪ್ಯೂಟರ್ ಅದೇ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಪುಣೆಯಲ್ಲಿ ಎಲೆಕ್ಟ್ರಾನಿಕ್ ಸಾಮಾನಿಗೆ ಬುಧವಾರ ಪೇಠೆಯ ತಾಪಕೀರ ಗಲ್ಲಿ ಪ್ರಸಿದ್ಧ. ಇನ್ನೂ ಮುಂದೆ ಹೋದರೆ ಮುಂಬಯಿಯ ಲ್ಯಾಮಿಂಗ್ಟನ್ ರೋಡ್. ಬೆಂಗಳೂರಿನಲ್ಲಿ ನೆಂಟರಿದ್ದವರಿಗೆ ಎಸ್.ಪಿ. ರೋಡ್. ಎಲ್ಲಿ ಹೋದರೂ ಅಂಗಡಿಯವರ ಮೊದಲ ಪ್ರಶ್ನೆ ಒಂದೇ, "ಬಜೆಟ್ ಕಿತಿ?", ಅಂದರೆ ಬಜೆಟ್ ಎಷ್ಟು. ಇದಕ್ಕೆ ಥಟ್ಟನೆ ಉತ್ತರ ಕೊಡಬಾರದು. ಐವತ್ತು ಅಂದರೆ ಐವತ್ತಕ್ಕೇ ಕೊಟೇಶನ್ ಬರುತ್ತದೆ. ಅದರಲ್ಲಿ ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಮದರ್‌ಬೋರ್ಡೂ ಸೇರಿಕೊಂಡಿರುತ್ತದೆ. ಯಾವ ಆಟ, ಯಾವ ಮಾನಿಟರ್, ಇವೆರಡನ್ನು ಮೊದಲು ಹೇಳಿ ಬಿಡಿಬಿಡಿಯಾಗಿ ದರ ಬರೆಸಿಕೊಳ್ಳುವುದು ಲೇಸು.

ಮಾನಿಟರಿನಿಂದಲೇ ಲೆಕ್ಕ ಹಿಡಿಯೋಣ. ಮೊದಲ ಯಂತ್ರಕ್ಕೆ 24 ಇಂಚು, 1080ಪಿ, 100 ಹರ್ಟ್ಸ್ ಸಾಕು. ಇದನ್ನು ಮೀರಿದರೆ ಗ್ರಾಫಿಕ್ಸ್ ಕಾರ್ಡಿನ ಹೊಟ್ಟೆ ತುಂಬಿಸುವುದೇ ಕಷ್ಟ. ಪೆಟ್ಟಿಗೆಗೆ ಇಟ್ಟ ದುಡ್ಡಿನಲ್ಲಿ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು ಗ್ರಾಫಿಕ್ಸ್ ಕಾರ್ಡಿಗೇ ಹೋಗಬೇಕು. ಎಎಂಡಿಯ ಆರ್‌ಎಕ್ಸ್ 6600 ಬಂದದ್ದು 2021ರಲ್ಲಿ. 8 ಜಿಬಿ ಮೆಮೊರಿ, 132 ವ್ಯಾಟ್ ಬಳಕೆಯ ಈ ಕಾರ್ಡು ಹಳೆಯದಾದರೂ 1080ಪಿಗೆ ಈಗಲೂ ಮರ್ಯಾದೆಯಿಂದ ದುಡಿಯುತ್ತದೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 3050ರ 8 ಜಿಬಿ ಮಾದರಿಗೆ ಹೆಸರು ಜಾಸ್ತಿ, ವೇಗ ಕಡಿಮೆ. ತುಸು ಜಾಸ್ತಿ ದುಡ್ಡಿದ್ದರೆ 115 ವ್ಯಾಟಿನಲ್ಲೇ ಮುಗಿಯುವ ಆರ್‌ಟಿಎಕ್ಸ್ 4060, ಇಲ್ಲವೇ 2024ರ ಡಿಸೆಂಬರಿನಲ್ಲಿ ಬಂದ ಇಂಟೆಲ್ ಆರ್ಕ್ ಬಿ580. ಈ ಬಿ580ಗೆ 12 ಜಿಬಿ ಇದೆ, ಆದರೆ ಮದರ್‌ಬೋರ್ಡಿನಲ್ಲಿ ರಿಸೈಜ಼ಬಲ್ ಬಾರ್ ಎಂಬ ಸೌಲಭ್ಯ ಇಲ್ಲದಿದ್ದರೆ ಅದು ಕುಂಟುತ್ತದೆ. 4 ಜಿಬಿಯ ಆರ್‌ಎಕ್ಸ್ 6500 ಎಕ್ಸ್‌ಟಿಯನ್ನು ಅಗ್ಗವೆಂದು ಯಾರಾದರೂ ಮುಂದಿಟ್ಟರೆ ನಮಸ್ಕಾರ ಹೇಳಿ ಹೊರಡಿ. ಮದರ್‌ಬೋರ್ಡಿನ ಜೊತೆ ಮಾತಾಡಲು ಅದಕ್ಕೆ ನಾಲ್ಕೇ ದಾರಿ, ಹಳೆಯ ಬೋರ್ಡಿನಲ್ಲಿ ಅವೂ ಕಿರಿದಾಗುತ್ತವೆ.

ಸೆಕೆಂಡ್ ಹ್ಯಾಂಡ್ ಕಾರ್ಡಿನ ವಿಷಯಕ್ಕೆ ಇಲ್ಲೇ ಬರಬೇಕು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಕ್ರಿಪ್ಟೋ ಹಣ ತನ್ನ ಪದ್ಧತಿ ಬದಲಿಸಿದ ಮೇಲೆ ಕಾರ್ಡುಗಳಿಂದ ಅದನ್ನು ಗಣಿ ತೋಡುವ ದಂಧೆ ನಿಂತು, ಹಗಲಿರುಳು ಉರಿದಿದ್ದ ಕಾರ್ಡುಗಳು ಪೇಟೆಗೆ ಸುರಿದವು. ಆರ್‌ಎಕ್ಸ್ 580 ಎಂದು ಕೊಂಡದ್ದು ಮನೆಗೆ ಬಂದಾಗ 2048ಎಸ್‌ಪಿ ಎಂಬ ಇಳಿಸಿದ ಮಾದರಿಯಾಗಿರುವುದೂ ಉಂಟು. ಪುಣೆಯಲ್ಲೇ ಮನೆಯಿದ್ದವನು ಇಂಥ ಜೂಜು ಆಡಬಹುದು. ದೌಂಡದವನಿಗೆ ಬೇಡ. ಬಿಲ್ಲಿನ ಮೇಲೆ ವಾರಂಟಿ ಉಳಿದಿದ್ದರೆ ಮಾತ್ರ, ಅದೂ ಕಣ್ಣೆದುರಿಗೆ ಅರ್ಧ ಗಂಟೆ ಓಡಿಸಿ ನೋಡಿದ ಮೇಲೆ, ಕೊಳ್ಳುವ ಮಾತು.

ಪ್ರೊಸೆಸರಿನ ಆಯ್ಕೆ ಇಷ್ಟು ತಲೆನೋವಿನದಲ್ಲ. ಎಎಂಡಿಯಲ್ಲಿ ರೈಜ಼ನ್ 5 5600, ಇಂಟೆಲ್‌ನಲ್ಲಿ ಐ5-12400ಎಫ್. ಎರಡೂ 2022ರವು, ಎರಡಕ್ಕೂ ಆರು ಕೋರ್. ಇನ್ನೂ ಕೆಳಗೆ ಬೇಕಾದರೆ ನಾಲ್ಕು ಕೋರಿನ ಐ3-12100ಎಫ್, ಬಡವರ ಪಾಲಿನ ಒಳ್ಳೆಯ ಚಿಪ್ಪು. ಕೊನೆಯ ಅಕ್ಷರದ ಮೇಲೆ ಕಣ್ಣಿರಲಿ. ಇಂಟೆಲ್‌ನ 'ಎಫ್' ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡಿಲ್ಲದೆ ಪರದೆ ಕಪ್ಪು. ಎಎಂಡಿಯ 'ಜಿ' ಎಂದರೆ ಒಳಗೇ ಗ್ರಾಫಿಕ್ಸ್ ಇದೆ. ಮೂವತ್ತೈದು ಸಾವಿರಕ್ಕಿಂತ ಮೇಲೆ ಮನೆಯಲ್ಲಿ ರೊಕ್ಕ ಏಳದಿದ್ದರೆ ರೈಜ಼ನ್ 5 5600ಜಿ ತಂದು ವ್ಯಾಲರಂಟ್ ಆಡುತ್ತಿದ್ದು, ಮುಂದಿನ ದೀಪಾವಳಿಗೆ ಕಾರ್ಡು ಹಾಕಿಸಬಹುದು. ಇದಕ್ಕೂ ಬೆಲೆ ತೆರಬೇಕು: 5600ಕ್ಕೆ 32 ಎಂಬಿ ಎಲ್3 ಕ್ಯಾಶ್ ಇದ್ದರೆ 5600ಜಿಗೆ 16 ಮಾತ್ರ. ಹೀಗಾಗಿ ಮುಂದೆ ಕಾರ್ಡು ಬಂದಾಗಲೂ ಅದು ಸ್ವಲ್ಪ ಹಿಂದೆಯೇ. ಕಾರ್ಡು ಈಗಲೇ ಕೊಳ್ಳುವವನು 'ಜಿ' ಕೊಂಡರೆ ದುಡ್ಡು ದಂಡ.

ರ‍್ಯಾಮ್ ಬಗ್ಗೆ ಹಿಂದೆ ಒಂದು ಸಾಲು ಬರೆದರೆ ಮುಗಿಯುತ್ತಿತ್ತು. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿ ದರ ಗಗನಕ್ಕೇರಿತು. ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ತನ್ನ ಕ್ರೂಷಿಯಲ್ ಹೆಸರಿನ ಚಿಲ್ಲರೆ ವ್ಯವಹಾರವನ್ನೇ ಮುಚ್ಚುವುದಾಗಿ ಸಾರಿತು. ದೌಂಡದ ಹುಡುಗನ ಐವತ್ತು ಸಾವಿರಕ್ಕೂ ಅಮೆರಿಕದ ಚಾಟ್‌ಬಾಟಿಗೂ ಇರುವ ಸಂಬಂಧ ಇದು. ಎಎಂಡಿಯ ಹೊಸ ಎಎಂ5 ಬೋರ್ಡುಗಳಿಗೆ ಡಿಡಿಆರ್5 ರ‍್ಯಾಮೇ ಆಗಬೇಕು. ಹಳೆಯ ಎಎಂ4ಕ್ಕೆ ಡಿಡಿಆರ್4. ಇಂಟೆಲ್‌ನ 12ನೇ ಪೀಳಿಗೆ ಎರಡರಲ್ಲೂ ನಡೆಯುತ್ತದೆ, ಬೋರ್ಡು ಯಾವುದೆಂದು ನೋಡಬೇಕಷ್ಟೆ. ಮನೆಯಲ್ಲೋ ಗೆಳೆಯನ ಬಳಿಯೋ ಡೆಸ್ಕ್‌ಟಾಪಿನ ಡಿಡಿಆರ್4 ಕಡ್ಡಿ ಬಿದ್ದಿದ್ದರೆ ಎಎಂ4 ಕಣ್ಣುಮುಚ್ಚಿ ಆರಿಸಬಹುದು. 16 ಜಿಬಿ ಇರಲೇಬೇಕು. 5600ಜಿ ಕೊಂಡವನು ಎಂಟೆಂಟರ ಎರಡು ಕಡ್ಡಿಯನ್ನೇ ಹಾಕಬೇಕು, ಏಕೆಂದರೆ ಅದರ ಗ್ರಾಫಿಕ್ಸ್ ಉಸಿರಾಡುವುದೇ ರ‍್ಯಾಮಿನಿಂದ. ಕಾರ್ಡು ಕೊಂಡವನು ಈಗ 16ರ ಒಂದೇ ಕಡ್ಡಿ ಹಾಕಿ, ದರ ಇಳಿದಾಗ ಇನ್ನೊಂದು ಸೇರಿಸಿದರೆ ಪ್ರಪಂಚ ಮುಳುಗುವುದಿಲ್ಲ.

ಈಗ ಎಸ್‌ಎಂಪಿಎಸ್. ದುಡ್ಡು ಉಳಿಸಲು ಜನ ಮೊದಲು ಕತ್ತರಿ ಹಾಕುವ ಭಾಗ ಇದು, ನನ್ನ ಮಟ್ಟಿಗೆ ಕೊನೆಯಲ್ಲೂ ಹಾಕಬಾರದ ಭಾಗ. ಕರೆಂಟನ್ನು ಗೋಡೆಯಿಂದ ತೆಗೆದು ಒಳಗಿನ ಎಲ್ಲರಿಗೂ ಹಂಚುವ ಅಡುಗೆಯವನು ಅವನೇ, ಅವನು ಕೆಟ್ಟರೆ ಪಂಕ್ತಿಯೆಲ್ಲ ಕೆಟ್ಟಿತು. ಕ್ಯಾಬಿನೆಟ್ ಜೊತೆ ಬಿಟ್ಟಿ ಬರುವ, ಮೇಲೆ '450 ವ್ಯಾಟ್' ಎಂದು ಸ್ಟಿಕ್ಕರ್ ಅಂಟಿಸಿದ ಹಗುರ ಡಬ್ಬಿಗಳು ಹತ್ತಿರಹತ್ತಿರ ಅದರ ಅರ್ಧಕ್ಕೇ ಬೆವರುತ್ತವೆ. ಆರ್‌ಎಕ್ಸ್ 6600 ಮತ್ತು ಆರು ಕೋರಿನ ಪ್ರೊಸೆಸರ್ ಸೇರಿ ಆಟದ ಹೊತ್ತಿನಲ್ಲಿ 300 ವ್ಯಾಟ್ ದಾಟುವುದಿಲ್ಲ. ಆದ್ದರಿಂದ 80 ಪ್ಲಸ್ ಬ್ರಾಂಜ಼್ ಗುರುತಿನ, ಹೆಸರಿರುವ ಕಂಪನಿಯ 550 ವ್ಯಾಟಿನದು ಈಗಿನದಕ್ಕೂ ಮುಂದಿನ ಕಾರ್ಡಿಗೂ ಸಾಕು. 750ರ ದುಂದೂ ಬೇಡ.

ಅದಕ್ಕೂ ಮುಂಚೆ ಮನೆಯ ಪ್ಲಗ್ಗಿನ ಮೂರನೇ ತೂತಿನಲ್ಲಿ ನಿಜವಾಗಿ ಅರ್ಥಿಂಗ್ ಇದೆಯೇ ಎಂದು ವೈರ್‌ಮನ್ ಕರೆಸಿ ನೋಡಿಸಬೇಕು. ಮುಟ್ಟಿದರೆ ಜುಮ್ಮೆನ್ನುವ ಕ್ಯಾಬಿನೆಟ್ಟಿಗೆ ಯಾವ ವಾರಂಟಿಯೂ ಇಲ್ಲ. ಇನ್ನು ಯುಪಿಎಸ್. ಅಂಗಡಿಯಲ್ಲಿ ಎಲ್ಲರಿಗೂ ಕಟ್ಟಿಕೊಡುವ 600 ವಿಎ ಯುಪಿಎಸ್ ಕೊಡುವುದು ಸಾಮಾನ್ಯವಾಗಿ 360 ವ್ಯಾಟ್. ಮಾನಿಟರನ್ನೂ ಸೇರಿಸಿದರೆ ಆಟದ ನಡುವೆ ಅದು ಕುತ್ತಿಗೆಗೆ ಬರುತ್ತದೆ. 1000 ವಿಎ ಕೊಳ್ಳಿ, ಮತ್ತು ತಂದ ದಿನವೇ ಒಂದು ಆಟ ಓಡುತ್ತಿರುವಾಗ ಗೋಡೆಯ ಸ್ವಿಚ್ ಆರಿಸಿ ನೋಡಿ. ಕೆಲವು ಅಗ್ಗದ ಯುಪಿಎಸ್‌ಗಳಿಗೂ ಒಳ್ಳೆಯ ಎಸ್‌ಎಂಪಿಎಸ್‌ಗೂ ಹೊಂದಿಕೆಯಾಗದೆ, ಬ್ಯಾಟರಿಗೆ ಬದಲಾಗುವ ಕ್ಷಣದಲ್ಲೇ ಯಂತ್ರ ರೀಸ್ಟಾರ್ಟ್ ಆಗುತ್ತದೆ. ಬದಲಿಸಿಕೊಳ್ಳುವ ಗಡುವು ಮುಗಿದ ಮೇಲೆ ಇದು ಗೊತ್ತಾದರೆ ಪ್ರಯೋಜನವಿಲ್ಲ.

ದೌಂಡದ ಬೇಸಿಗೆ ಒಣ ಬೇಸಿಗೆ, 40 ಡಿಗ್ರಿ ದಾಟುವುದು ಹೊಸದಲ್ಲ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಸಾಲು, ಅದರ ಧೂಳು ಬೇರೆ. ಹೀಗಾಗಿ ಕ್ಯಾಬಿನೆಟ್ಟಿನ ಮುಂಭಾಗ ಜಾಲರಿಯದಾಗಿರಲಿ, ಜಾಲರಿ ಕಳಚಿ ತೊಳೆಯುವಂತಿರಲಿ. ಗಾಜಿನ ಮುಖದ, ಬಣ್ಣದ ಲೈಟಿನ ಕ್ಯಾಬಿನೆಟ್ ರೀಲ್ಸಿಗೆ ಚೆಂದ. ಆ ಲೈಟಿನ ದುಡ್ಡು ಎಸ್‌ಎಸ್‌ಡಿಗೆ ಹೋಗಲಿ. 500 ಜಿಬಿ ಎನ್‌ವಿಎಂಇ ಕನಿಷ್ಠ, ಒಂದು ದೊಡ್ಡ ಆಟವೇ 100 ಜಿಬಿ ನುಂಗುವ ಕಾಲವಿದು.

ಆಫೀಸುಗಳಿಂದ ಬಂದ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೀಟ್‌ಡೆಸ್ಕ್ ಪೆಟ್ಟಿಗೆಗಳಿಗೆ ಜಿಟಿಎಕ್ಸ್ 1650 ಸಿಕ್ಕಿಸುವ ದಾರಿಯೂ ಇದೆ. ಆ ಕಾರ್ಡಿನ ಹಲವು ಮಾದರಿಗಳಿಗೆ 75 ವ್ಯಾಟ್ ಸಾಕು, ಬೇರೆ ಕೇಬಲ್ ಬೇಡ. ಆದರೆ ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನ 8ನೇ ಪೀಳಿಗೆಯಾದರೂ ಬೇಕು, ಟಿಪಿಎಂ 2.0 ಎಂಬ ಭದ್ರತೆಯ ಸೌಲಭ್ಯ ಬೇಕು. ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಟ್ಟರೂ ಆ ಟಿಪಿಎಂ ಇಲ್ಲದೆ ವ್ಯಾಲರಂಟ್ ಬಾಗಿಲು ತೆಗೆಯುವುದಿಲ್ಲ. 4ನೇ ಪೀಳಿಗೆಯ ಅಗ್ಗದ ಪೆಟ್ಟಿಗೆಗೆ ಮರುಳಾಗುವ ಮುಂಚೆ ಇದನ್ನು ನೆನೆಯಬೇಕು.

ಜೋಡಿಸುವುದನ್ನು ಅಂಗಡಿಯಲ್ಲೇ ಮಾಡಿಸಿ, ಆದರೆ ಪಕ್ಕದಲ್ಲಿ ನಿಂತು ನೋಡಿ. ಪ್ರೊಸೆಸರಿನ ಮೂಲೆಯ ತ್ರಿಕೋನ ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸುವುದು, ಬಟಾಣಿ ಗಾತ್ರದ ಥರ್ಮಲ್ ಪೇಸ್ಟ್, ರ‍್ಯಾಮ್ ಟಕ್ಕೆಂದು ಕೂರುವ ಸದ್ದು. ಒಮ್ಮೆ ನೋಡಿದವನು ಮುಂದಿನ ಸಲ ತಾನೇ ಬಿಚ್ಚಿ ಧೂಳು ಒರೆಸುತ್ತಾನೆ. ಹೊಸಬರ ಫಜೀತಿಗಳಲ್ಲಿ ಹೆಚ್ಚಿನವು ಬಿಡಿ ಭಾಗದ ದೋಷಗಳೇ ಅಲ್ಲ. ಮಾನಿಟರಿನ ಕೇಬಲ್ಲನ್ನು ಕಾರ್ಡಿಗೆ ಹಾಕದೆ ಮದರ್‌ಬೋರ್ಡಿಗೆ ಹಾಕಿರುತ್ತಾರೆ. 3200ರ ರ‍್ಯಾಮ್ ಕೊಂಡು ಬಯಾಸಿನಲ್ಲಿ ಎಕ್ಸ್‌ಎಂಪಿ ಆನ್ ಮಾಡದೆ 2666ಕ್ಕೋ 2133ಕ್ಕೋ ಓಡಿಸುತ್ತಿರುತ್ತಾರೆ. 100 ಹರ್ಟ್ಸ್ ಮಾನಿಟರು ವಿಂಡೋಸ್ ಸೆಟ್ಟಿಂಗಿನಲ್ಲಿ 60ರಲ್ಲೇ ಉಳಿದಿರುತ್ತದೆ. ಇವಕ್ಕೆಲ್ಲ ಪುಣೆಯ ಗಾಡಿ ಹತ್ತಬೇಕಿಲ್ಲ.

ಕೊನೆಯದಾಗಿ ಬಿಲ್ಲು. ಬಿಲ್ ಇಲ್ಲದೆ ಕೊಟ್ಟರೆ 18 ಪರ್ಸೆಂಟ್ ಜಿಎಸ್‌ಟಿ ಉಳಿಯುತ್ತದೆ ಎಂದು ಯಾರಾದರೂ ಕಿವಿಯಲ್ಲಿ ಹೇಳಿದರೆ ಒಪ್ಪಬೇಡಿ. ಡಬ್ಬಿಯಲ್ಲಿ ಬರುವ ಪ್ರೊಸೆಸರಿಗೆ 3 ವರ್ಷದ ವಾರಂಟಿ ಇರುತ್ತದೆ, ಗ್ರಾಫಿಕ್ಸ್ ಕಾರ್ಡುಗಳಿಗೂ ಬಹುಮಟ್ಟಿಗೆ ಅಷ್ಟೇ. ಅದು ಸಿಗಲು ಬಿಲ್ಲು ಬೇಕು. ಪ್ರತಿ ಭಾಗದ ಸೀರಿಯಲ್ ನಂಬರನ್ನು ಬಿಲ್ಲಿನಲ್ಲಿ ಬರೆಸಿ, ಡಬ್ಬಿಗಳನ್ನು ಅಟ್ಟದ ಮೇಲೆ ಇಡಿ. ಮನೆ ಸ್ವಚ್ಛ ಮಾಡುವಾಗ ಅಮ್ಮ ಅವನ್ನು ರದ್ದಿಗೆ ಹಾಕದಂತೆ ಮೊದಲೇ ಹೇಳಿಡಿ.