ಬೆರಳೂ ಓಡುತ್ತೆ, ದುಡ್ಡೂ ಓಡುತ್ತೆ!

ಊರಿನ ಗೇಮಿಂಗ್ ಪಾರ್ಲರಿನಲ್ಲಿ ಫುಟ್‌ಬಾಲ್ ಆಡಲು ಹೊಸದಾಗಿ ಕೂತ ಹುಡುಗನನ್ನು ಗುರುತಿಸೋದು ಸುಲಭ. ಪ್ಲೇಸ್ಟೇಷನ್ ಕಂಟ್ರೋಲರ್ ಕೈಗೆ ಬಂದದ್ದೇ ತಡ, ಆರ್2 ಗುಂಡಿ ಅದುಮಿ ಹಿಡಿದನೆಂದರೆ ಬಿಡೋ ಮಾತೇ ಇಲ್ಲ. ಅದು ಓಟದ ಗುಂಡಿ. ಓಡುವಾಗ ಚೆಂಡು ಕಾಲಿನಿಂದ ದೂರ ಚಿಮ್ಮುತ್ತದೆ, ಆಟಗಾರ ದಣಿಯುತ್ತಾನೆ, ಎದುರಾಳಿ ಸಲೀಸಾಗಿ ಚೆಂಡು ಕಿತ್ತುಕೊಳ್ಳುತ್ತಾನೆ. ಮುಂದೆ ಬಯಲು ಕಂಡಾಗಷ್ಟೇ ಓಡು, ಉಳಿದಂತೆ ಪಾಸ್ ಕೊಡು ಎಂದರೆ ಕೇಳೋರ್ಯಾರು?

ಗೋಲು ಕಾಯೋದು ಇನ್ನೂ ಫಜೀತಿ. ಚೆಂಡು ಕಂಡಲ್ಲಿಗೆಲ್ಲ ಹಿಂದಿನ ಸಾಲಿನವನನ್ನು ಎಳೆದೊಯ್ದರೆ ಗೋಲಿನ ಮುಂದೆ ಹಾದಿ ಖಾಲಿ. ಎಲ್2 ಹಿಡಿದು ಎದುರಾಳಿಗೆ ಅಡ್ಡಲಾಗಿ ನಿಲ್ಲಬೇಕು, ಅವನು ತಪ್ಪುವ ತನಕ ಕಾಯಬೇಕು. ಚೌಕದ ಗುಂಡಿ ಒತ್ತಿ ಜಾರಿ ಬೀಳುವ ಚಪಲ ಪೆನಾಲ್ಟಿಗೆ ಕರೆ ಕೊಟ್ಟಂತೆ.

ಸೋತವನ ಕಣ್ಣು ಆಮೇಲೆ ಬೀಳೋದು ಅಪ್ಪನ ಮೊಬೈಲಿನ ಮೇಲೆ. 2023ರಲ್ಲಿ ಫಿಫಾ ಹೆಸರು ಕಳಚಿಕೊಂಡು ಇಎ ಸ್ಪೋರ್ಟ್ಸ್ ಎಫ್‌ಸಿ ಆದ ಈ ಆಟದಲ್ಲಿ ದುಡ್ಡು ಸುರಿದು ಆಟಗಾರರ ಪ್ಯಾಕ್ ಕೊಳ್ಳಬಹುದು. ದೊಡ್ಡ ಹೆಸರು ಸಿಗೋದು ಬಿಡೋದು ಅದೃಷ್ಟ. ಇಂಥದ್ದು ಜೂಜೇ ಎಂದು ಬೆಲ್ಜಿಯಂನ ಜೂಜು ಆಯೋಗ 2018ರಲ್ಲಿ ಹೇಳಿತು. 2019ರ ಜನವರಿಯಲ್ಲಿ ಕಂಪನಿ ಅಲ್ಲಿ ಪ್ಯಾಕಿಗೆ ಬೇಕಾದ ಪಾಯಿಂಟ್ಸ್ ಮಾರೋದನ್ನೇ ನಿಲ್ಲಿಸಿತು.

ಅದೇ ಆಟದ ಕಿಕ್ ಆಫ್‌ನಲ್ಲಿ ಕಂಪ್ಯೂಟರ್ ಎದುರು, ಬಿಗಿನರ್ ಮಟ್ಟದಲ್ಲಿ ಕೈ ಪಳಗಿಸಿಕೊಳ್ಳಲು ಪ್ಯಾಕೂ ಬೇಡ, ಪಾಯಿಂಟೂ ಬೇಡ. ಪಾರ್ಲರಿನವನಿಗೆ ಗಂಟೆ ಬಾಡಿಗೆ ಕೊಟ್ಟರಾಯ್ತು.